ಮಳೆಮಾಪಕದಿಂದ ಪಂಪ್‌ಸೆಟ್ಟಿನವರೆಗೆ: ಮಲೆನಾಡಿನಲ್ಲಿ ವಸ್ತುಗಳ ಅಂತರ್ಜಾಲ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಹಿತ್ತಿಲಲ್ಲಿ ಒಂದು ಕಬ್ಬಿಣದ ಕಂಬ, ಕಂಬಕ್ಕೊಂದು ಪುಟ್ಟ ಸೌರಫಲಕ, ಅದರ ಪಕ್ಕದಲ್ಲಿ ಬಿಳಿಯ ಉರುಟು ಡಬ್ಬಿ ಇವೆ. ಡಬ್ಬಿಯ ಬಾಯಲ್ಲಿ ಒಂದು ಆಲಿಕೆ. ಆಲಿಕೆಯ ಕೆಳಗೆ, ತಕ್ಕಡಿಯ ಹಾಗೆ ಒಂದೇ ಅಚ್ಚಿನ ಮೇಲೆ ಕೂತ ಎರಡು ಪುಟ್ಟ ಬೋಗುಣಿಗಳು. ಮಳೆನೀರು ಇಳಿದು ಒಂದು ಬೋಗುಣಿ ತುಂಬುತ್ತಿದ್ದಂತೆ ಅದು ಭಾರಕ್ಕೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಬೋಗುಣಿ ಎದ್ದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಹೀಗೆ ವಾಲುವಾಗಲೆಲ್ಲ ಅದಕ್ಕೆ ಅಂಟಿಸಿದ ಅಯಸ್ಕಾಂತದ ಚೂರೊಂದು ಗಾಜಿನ ಕೊಳವೆಯೊಳಗಿನ ಸ್ವಿಚ್ಚಿನ ಎದುರು ಹಾದುಹೋಗಿ, ಒಂದು ಎಣಿಕೆ ಏರುತ್ತದೆ. ಒಂದು ಸಲ ವಾಲಿದರೆ ಸಾಮಾನ್ಯವಾಗಿ 0.2 ಇಲ್ಲವೇ 0.5 ಮಿಲಿಮೀಟರ್ ಮಳೆಯೆಂದು ಲೆಕ್ಕ. ಆರಿದ್ರಾ ಮಳೆ ಹಿಡಿದ ದಿನ 200 ಮಿಲಿಮೀಟರ್ ಸುರಿದರೆ, ಅರ್ಧ ಮಿಲಿಮೀಟರಿನ ಬೋಗುಣಿ ಬೆಳಗಿನಿಂದ ಬೆಳಗಿನವರೆಗೆ 400 ಸಲ ಟಿಕ್ಕೆನ್ನುತ್ತದೆ.

ಇಷ್ಟರವರೆಗಿನ ಕೆಲಸದಲ್ಲಿ ಹೊಸತೇನೂ ಇಲ್ಲ. ವಾಲುವ ಬೋಗುಣಿಯ ಮಳೆಮಾಪಕ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಹೊಸತು ಶುರುವಾಗುವುದು ಆಮೇಲೆ. ಡಬ್ಬಿಯೊಳಗಿನ ಸಿಮ್ ಕಾರ್ಡು ಆ ಎಣಿಕೆಯನ್ನು 15 ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಮುಟ್ಟಿಸುತ್ತದೆ. ರಾಜ್ಯದಲ್ಲಿ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಇಂಥ ಮಾಪಕಗಳಿವೆ. ಹುಲಿಕಲ್ಲಿನಲ್ಲಿ ಎಷ್ಟು, ಆಗುಂಬೆಯಲ್ಲಿ ಎಷ್ಟು, ಮಾಣಿಯಲ್ಲಿ ಎಷ್ಟು ಎಂದು ಬೆಳಗಿನ ಪತ್ರಿಕೆ ಹೇಳುವುದೂ, ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಯಾವ ಪಂಚಾಯಿತಿಗೆ ಸಿಗಬೇಕೆಂದು ನಿರ್ಧಾರವಾಗುವುದೂ ಇಂಥ ಅಂಕಿಗಳಿಂದಲೇ. ಬೋಗುಣಿಗೆ ತಾನು ಅಳೆಯುತ್ತಿರುವುದು ಮಳೆಯೆಂದೂ ಗೊತ್ತಿಲ್ಲ, ವಿಮೆಯೆಂದರೇನೆಂದೂ ಗೊತ್ತಿಲ್ಲ.

‘ವಸ್ತುಗಳ ಅಂತರ್ಜಾಲ’ ಅಥವಾ ಐಒಟಿ ಎಂದು ಕರೆಯುವುದು ಇದನ್ನೇ. ಜಾಹೀರಾತುಗಳು ಇದನ್ನು ‘ಸ್ಮಾರ್ಟ್’ ಎನ್ನುತ್ತವೆ. ಆದರೆ ಜಾಣತನ ಆ ವಸ್ತುವಿನೊಳಗೆ ಇರುವುದು ಅಪರೂಪ. ಅದು ಒಂದು ಸರಪಳಿಯ ಉದ್ದಕ್ಕೂ ಹಂಚಿಕೊಂಡಿರುತ್ತದೆ. ಲೋಕದ ಯಾವುದೋ ಒಂದು ಸಂಗತಿಯನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರ್ ಮೊದಲ ಕೊಂಡಿ. ಸಂಕೇತವನ್ನು ಅಂಕಿಯಾಗಿಸುವ ಚಿಪ್ಪು ಎರಡನೆಯದು. ಅಂಕಿಯನ್ನು ಹೊತ್ತೊಯ್ಯುವ ರೇಡಿಯೊ ಮತ್ತು ಟವರು ಮೂರನೆಯದು. ಅದನ್ನು ಜೋಡಿಸಿ ಅರ್ಥ ಹೇಳುವ ದೂರದ ಸರ್ವರ್ ನಾಲ್ಕನೆಯದು. ಕೊನೆಗೆ, ಆ ಅರ್ಥದ ಮೇಲೆ ಏನಾದರೂ ಮಾಡುವ ಮನುಷ್ಯ ಅಥವಾ ಮೋಟರು. ನಗರದಲ್ಲಿ ಕೂತವರಿಗೆ ಈ ಸರಪಳಿ ಕಾಣುವುದಿಲ್ಲ, ಏಕೆಂದರೆ ಅದು ಅಲ್ಲಿ ಕಡಿಯುವುದು ಕಡಿಮೆ. ಗುಡ್ಡ, ಕಾಡು, ಸಿಡಿಲು, ಆರು ತಿಂಗಳ ತೇವ ಇವುಗಳ ನಡುವೆ ಬದುಕುವ ನಮಗೆ ಅದರ ಒಂದೊಂದು ಕೊಂಡಿಯೂ ಪರಿಚಯ, ಏಕೆಂದರೆ ಒಂದಲ್ಲ ಒಂದು ದಿನ ಪ್ರತಿಯೊಂದೂ ಕಡಿದುಹೋಗಿ ತನ್ನ ಇರವನ್ನು ತೋರಿಸಿಕೊಟ್ಟಿದೆ. ಈ ತಂತ್ರಜ್ಞಾನ ಈಗ ಎಲ್ಲಿದೆ, ಎಲ್ಲಿಗೆ ಹೋದೀತು ಎಂಬುದನ್ನು ಮಲೆನಾಡಿನಿಂದ ನೋಡುವುದರಲ್ಲಿ ಅಷ್ಟೊಂದು ಅನುಕೂಲ ಇದೆ.

ಚರಿತ್ರೆಯನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮಹಡಿಯಿಳಿದು ಹೋದಾಗ ಕೋಕ್ ಯಂತ್ರ ಖಾಲಿಯಿರುವುದನ್ನು ನೋಡಿ ಬೇಸತ್ತು, ಯಂತ್ರದಲ್ಲಿ ಬಾಟಲಿ ಇದೆಯೇ, ತಣ್ಣಗಾಗಿದೆಯೇ ಎಂದು ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ನೋಡುವ ಏರ್ಪಾಡು ಮಾಡಿಕೊಂಡರು. ಅಂದರೆ ಈ ವಿದ್ಯೆ ಹುಟ್ಟಿದ್ದು ಸೋಮಾರಿತನದಿಂದ. ಅದೇನೂ ಕೆಟ್ಟ ತಾಯಿಯಲ್ಲ. ‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು 1999ರಲ್ಲಿ ಕೆವಿನ್ ಆ್ಯಷ್ಟನ್ ಎಂಬವರು, ಅಂಗಡಿಯ ಕಪಾಟಿನಲ್ಲಿ ಯಾವ ಸರಕು ಮುಗಿದಿದೆಯೆಂದು ಸರಕೇ ಹೇಳುವಂತಾಗಬೇಕು ಎಂದು ವಿವರಿಸುವಾಗ ಬಳಸಿದರು. ಆದರೆ ಅದು ಜನರ ಕೈಗೆ ನಿಜವಾಗಿ ಬಂದದ್ದು 2014ರಲ್ಲಿ, ಚೀನಾದ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ವೈಫೈ ಚಿಪ್ಪು ಮಾರುಕಟ್ಟೆಗೆ ಬಂದಾಗ. ಅಲ್ಲಿಯವರೆಗೆ ಸಾವಿರಗಟ್ಟಲೆ ರೂಪಾಯಿ ಬೇಡುತ್ತಿದ್ದ ಕೆಲಸ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಬೆರಳಗಲದ ಪಟ್ಟಿಯೊಂದರಲ್ಲಿ ಆಗತೊಡಗಿತು. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ‘ತೋಟಕ್ಕೆ ತಾನಾಗಿ ನೀರು’ ಎಂಬುದು ಒಂದು ಕಾಯಂ ವಿಷಯವಾದದ್ದು ಆ ಚಿಪ್ಪಿನ ಪುಣ್ಯದಿಂದಲೇ.

ಆ ಪ್ರಾಜೆಕ್ಟುಗಳು ಕಾಲೇಜಿನ ಮೇಜಿನ ಮೇಲೆ ಚೆನ್ನಾಗಿ ನಡೆದು ತೋಟದಲ್ಲಿ ಸೋಲುವುದು ಏಕೆ ಎಂಬಲ್ಲಿ ಇಡೀ ವಿಷಯದ ತಿರುಳಿದೆ. ವೈಫೈ ಹೆಚ್ಚಾಗಿ ಬಳಸುವುದು 2.4 ಗಿಗಾಹರ್ಟ್ಸ್ ತರಂಗಗಳನ್ನು. ಎಲೆ ಎಂದರೆ ಬಹುಪಾಲು ನೀರು. ಆ ತರಂಗಗಳನ್ನು ನೀರು ಹೀರುತ್ತದೆ. ಮನೆಯ ಜಗುಲಿಯಲ್ಲಿಟ್ಟ ರೂಟರಿನ ಸಂಕೇತ ಅಂಗಳ ದಾಟುವಷ್ಟರಲ್ಲೇ ಸೊರಗಿರುತ್ತದೆ; ಇನ್ನು ಮಳೆಯಲ್ಲಿ ತೊಯ್ದ ಅಡಿಕೆ ಸೋಗೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವಿನ ಬಾಳೆ, ಏಲಕ್ಕಿಗಳ ಗೋಡೆಯನ್ನು ದಾಟಿ ಅದು ತೋಟದ ತಳಕ್ಕೆ ಹೋಗುವ ಮಾತೇ ಇಲ್ಲ. ತರಂಗದ ಕಂಪನ ಕಡಿಮೆಯಾದಷ್ಟೂ ಎಲೆ, ಗೋಡೆಗಳನ್ನು ದಾಟುವ ಶಕ್ತಿ ಹೆಚ್ಚು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು, ನಿಗದಿತ ಶಕ್ತಿಯ ಮಿತಿಯೊಳಗೆ, ಪರವಾನಗಿಯಿಲ್ಲದೆ ಬಳಸಲು ಬಿಟ್ಟಿದ್ದಾರೆ. ‘ಲೋರಾ’ ಎಂಬ ರೇಡಿಯೊ ಪದ್ಧತಿ ಕೆಲಸ ಮಾಡುವುದು ಇಲ್ಲಿ.

ಲೋರಾದ ತತ್ತ್ವವನ್ನು ಮಲೆನಾಡಿನವರಿಗೆ ಹೇಳಿಕೊಡುವುದು ಸುಲಭ. ಆಚೆ ಗುಡ್ಡದ ಮನೆಯವರನ್ನು ಕರೆಯಬೇಕಾದಾಗ ನಾವು ಉದ್ದದ ವಾಕ್ಯ ಹೇಳುವುದಿಲ್ಲ. ಅಂಗಳದ ತುದಿಯಲ್ಲಿ ನಿಂತು ‘ಊ...’ ಎಂದು ಸ್ವರ ಏರಿಸುತ್ತಾ ಎಳೆದು ಕೂಗು ಹಾಕುತ್ತೇವೆ. ಮಳೆಯ ಸದ್ದಿನಲ್ಲಿ ಮಾತು ಕರಗಿಹೋದರೂ ಏರುತ್ತಾ ಹೋಗುವ ಒಂದೇ ಸ್ವರವನ್ನು ಕಿವಿ ಹೆಕ್ಕಿಕೊಳ್ಳುತ್ತದೆ. ಲೋರಾ ಕೂಡ ಹೀಗೆಯೇ ಕಂಪನವನ್ನು ಏರಿಸುತ್ತಾ ಎಳೆದ ಸಂಕೇತವನ್ನು ಕಳಿಸುತ್ತದೆ. ಸುತ್ತಲಿನ ಗದ್ದಲಕ್ಕಿಂತ ಕ್ಷೀಣವಾಗಿದ್ದರೂ ಗ್ರಾಹಕ ಯಂತ್ರ ಅದನ್ನು ಗುರುತಿಸುತ್ತದೆ. ಬಯಲಿನಲ್ಲಿ, ನಡುವೆ ಅಡ್ಡವಿಲ್ಲದಿದ್ದರೆ, ಹತ್ತು ಕಿಲೋಮೀಟರಿಗೂ ಮಿಕ್ಕಿ ಇದು ತಲುಪಬಲ್ಲದು. ಕೂಗಿಗೆ ಇರುವ ಮಿತಿಯೇ ಇದಕ್ಕೂ ಇದೆ: ಕೂಗು ಹಾಕಿ ಪುರಾಣ ಓದಲಾಗದು. ದೂರ ಹೆಚ್ಚಿದಂತೆ ಸೆಕೆಂಡಿಗೆ ಕೆಲವು ನೂರು ಬಿಟ್‌ಗಳಷ್ಟೇ ಹೋಗುತ್ತವೆ. ಚಿತ್ರ, ಧ್ವನಿ ಯಾವುದೂ ಹೋಗದು. ಗುಡ್ಡವೇ ಅಡ್ಡ ನಿಂತರೆ ಏನೂ ಹೋಗದು.

ಆದರೆ ಎಷ್ಟು ಕಡಿಮೆ ಸಾಕು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮಳೆ, ಉಷ್ಣಾಂಶ, ಬ್ಯಾಟರಿಯ ಸ್ಥಿತಿ ಎಲ್ಲ ಸೇರಿ ಒಂದು ಸಂದೇಶಕ್ಕೆ 12 ಬೈಟ್ ಎಂದುಕೊಳ್ಳೋಣ. ಕಾಲು ಗಂಟೆಗೊಂದರಂತೆ ದಿನಕ್ಕೆ 96 ಸಂದೇಶ, 1,152 ಬೈಟ್. ವರ್ಷಕ್ಕೆ ನಾಲ್ಕು ಲಕ್ಷ ಬೈಟಿನ ಆಸುಪಾಸು. ವಾಟ್ಸ್ಯಾಪಿನಲ್ಲಿ ಬೆಳಗಾಗುತ್ತಲೇ ಬಂದು ಬೀಳುವ ಶುಭೋದಯದ ಎರಡು ಮೂರು ಚಿತ್ರಗಳಷ್ಟು. ಬ್ಯಾಟರಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಇಂಥ ಉಪಕರಣ ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ. ಆಗ ಅದು ಎಳೆಯುವ ಕರೆಂಟು 10 ಮೈಕ್ರೊಆಂಪಿಯರ್ ಎಂದಿಟ್ಟರೆ ದಿನಕ್ಕೆ 0.24 ಮಿಲಿಆಂಪಿಯರ್-ಗಂಟೆ. ಎಚ್ಚರಗೊಂಡು ಸಂದೇಶ ಕಳಿಸುವ ಒಂದೂವರೆ ಸೆಕೆಂಡಿನಲ್ಲಿ 40 ಮಿಲಿಆಂಪಿಯರ್ ಎಂದರೆ 96 ಸಂದೇಶಗಳಿಗೆ 1.6. ಒಟ್ಟು 1.84. ಟಾರ್ಚಿನ ಸಣ್ಣ ಸೆಲ್ಲಿನ ಗಾತ್ರದ 2,400 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಸೆಲ್ಲು ಈ ಲೆಕ್ಕದಲ್ಲಿ 1,300 ದಿನ ಬರಬೇಕು. ಸೆಲ್ಲು ತಾನಾಗಿ ಸೋರುವುದನ್ನು ಕಳೆದರೂ ಮೂರು ಮಳೆಗಾಲಕ್ಕೆ ಮೋಸವಿಲ್ಲ. ಅದೇ ಸೆಲ್ಲಿಗೆ ಸದಾ ಎಚ್ಚರವಿದ್ದು 80 ಮಿಲಿಆಂಪಿಯರ್ ಎಳೆಯುವ ವೈಫೈ ಚಿಪ್ಪು ಜೋಡಿಸಿದರೆ 30 ಗಂಟೆಯಲ್ಲಿ ಖಾಲಿ. ದೂರ, ವೇಗ, ಬ್ಯಾಟರಿಯ ಬಾಳಿಕೆ ಈ ಮೂರರಲ್ಲಿ ಎರಡನ್ನು ಆರಿಸಿಕೊಂಡರೆ ಮೂರನೆಯದನ್ನು ಬಿಡಲೇಬೇಕು.

ಇನ್ನೊಂದು ದಾರಿ ಮೊಬೈಲ್ ಕಂಪನಿಗಳದ್ದು. ಇರುವ ಟವರಿನಿಂದಲೇ ಕಡಿಮೆ ಶಕ್ತಿಯ, ಕಡಿಮೆ ಮಾತಿನ ಉಪಕರಣಗಳಿಗೆ ಸಂಪರ್ಕ ಕೊಡುವ ಎನ್‌ಬಿ-ಐಒಟಿ ಎಂಬ ಪದ್ಧತಿ 2016ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಯಂತ್ರಗಳಿಗೆಂದೇ ಕೊಡುವ ಸಿಮ್‌ಗಳಿಗೆ ನಮ್ಮ ದೇಶದಲ್ಲಿ 2018ರಿಂದ ಹತ್ತರ ಬದಲು 13 ಅಂಕಿಗಳ ಸಂಖ್ಯೆ ಬಂದಿದೆ. ಮನುಷ್ಯರ ನಂಬರುಗಳನ್ನು ಯಂತ್ರಗಳು ನುಂಗಿಹಾಕದಿರಲಿ ಎಂದು. ಇಲ್ಲಿನ ಕಷ್ಟ ಎಲ್ಲರಿಗೂ ಗೊತ್ತಿರುವುದೇ: ಟವರೇ ಇಲ್ಲದ ಕಡೆ 13 ಅಂಕಿಯಾದರೇನು, ಹತ್ತಾದರೇನು? ಕೊರೊನಾ ಕಾಲದಲ್ಲಿ ಹೊಸನಗರ, ಸಾಗರ, ತೀರ್ಥಹಳ್ಳಿಯ ಕಡೆಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡದ ತಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ಕೂತದ್ದನ್ನು ಮರೆಯುವಂತಿಲ್ಲ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಬಿಎಸ್‌ಎನ್‌ಎಲ್ ಟವರುಗಳು ಕಾಡಂಚಿನಲ್ಲೂ ಏಳುತ್ತಿವೆ. ಆದರೆ ಟವರು ನಿಂತರೆ ಸಾಲದು. ಕರೆಂಟು ಹೋದ ಮೂರನೆಯ ದಿನವೂ ಅದರ ಬ್ಯಾಟರಿ ಉಸಿರಾಡುತ್ತಿರಬೇಕು.

ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಐಒಟಿ ಉಪಕರಣ ಯಾವುದೆಂದು ಕೇಳಿದರೆ ನಾನು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಎನ್ನುತ್ತೇನೆ. ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ ಎಂಬುದೇ ಅದರ ಯಶಸ್ಸಿನ ಗುರುತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ, ಆದರೆ ತ್ರೀ ಫೇಸ್ ಸಿಗುವುದು ದಿನದ ಕೆಲವು ಗಂಟೆ ಮಾತ್ರ, ಅದರಲ್ಲೂ ಎಷ್ಟೋ ಸಲ ರಾತ್ರಿ. ಮನೆ ಗುಡ್ಡದ ಓರೆಯಲ್ಲಿ, ಪಂಪು ತೋಟದ ತಳದ ಹಳ್ಳದ ಬದಿಯಲ್ಲಿ. ಮಧ್ಯರಾತ್ರಿ ಟಾರ್ಚು ಹಿಡಿದು ದರಕಿನ ಮೇಲೆ, ಹಾವಿನ ಭಯದಲ್ಲಿ ಇಳಿದುಹೋಗುವುದನ್ನು ತಪ್ಪಿಸಿದ್ದು ಈ ಡಬ್ಬಿ. ಸ್ಟಾರ್ಟರಿನೊಳಗಿನ ಸಿಮ್ಮಿಗೆ ಕರೆ ಮಾಡಿ ಅಂಕಿ ಒತ್ತಿದರೆ ಮೋಟರು ಓಡುತ್ತದೆ, ನಿಲ್ಲುತ್ತದೆ. ಕರೆಂಟು ಬಂದದ್ದು, ಹೋದದ್ದು, ಒಂದು ಫೇಸ್ ಕೈಕೊಟ್ಟದ್ದು ಎಲ್ಲವೂ ಎಸ್ಸೆಮ್ಮೆಸ್ಸಾಗಿ ಬರುತ್ತದೆ.

ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳ ಒಂದು ರಾತ್ರಿ ನಾನು ಮೋಟರು ಹಾಕಿ, ‘ಆನ್’ ಎಂಬ ಸಂದೇಶ ಬಂದದ್ದನ್ನು ನೋಡಿ ಮಲಗಿದೆ. ಎರಡು ಗಂಟೆಯ ಮೇಲೆ ನಿಲ್ಲಿಸಲು ಕರೆ ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಹೆಣ್ಣುದನಿ. ಟವರಿನ ಬ್ಯಾಟರಿ ಮುಗಿದಿತ್ತೆಂದು ಆಮೇಲೆ ತಿಳಿಯಿತು. ಬೇಸಿಗೆಯ ಹಳ್ಳ, ಗುಂಡಿಯಲ್ಲಿ ನೀರು ಮುಗಿದು ಪಂಪು ಒಣಗಿ ಓಡುತ್ತಿದ್ದರೆ ಮೋಟರಿನ ತಂತಿಸುರುಳಿ ಸುಡುವುದು ಖಂಡಿತ ಎಂದು ಓಡುತ್ತಾ ಇಳಿದೆ. ಪಂಪ್‌ಹೌಸಿನಲ್ಲಿ ಮೌನ. ನೀರು ತೀರಿದಾಗ ಮೋಟರಿಗೆ ಭಾರ ಇಳಿದು ಅದು ಎಳೆಯುವ ಕರೆಂಟು ತಗ್ಗುತ್ತದೆ. ಸ್ಟಾರ್ಟರಿನ ಬೋರ್ಡು ಅದನ್ನು ಕಂಡು, ಯಾರನ್ನೂ ಕೇಳದೆ, ಮೋಟರನ್ನು ನಿಲ್ಲಿಸಿಬಿಟ್ಟಿತ್ತು. ನನಗೆ ತಿಳಿಸಲು ಮಾತ್ರ ಅದಕ್ಕೆ ಸಾಧ್ಯವಾಗಿರಲಿಲ್ಲ. ಬೆಳಗ್ಗೆ ಆರು ಗಂಟೆಗೆ ಟವರು ಜೀವ ತಳೆದಾಗ ‘ಡ್ರೈ ರನ್, ಮೋಟರ್ ಆಫ್’ ಎಂಬ ಸಂದೇಶ ನಿಧಾನವಾಗಿ ಬಂದು ಮುಟ್ಟಿತು. ಆ ರಾತ್ರಿಯಿಂದ ಇಂಥ ಯಾವುದೇ ಉಪಕರಣವನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ನೆಟ್ ಇಲ್ಲದಾಗ ಇದು ಏನು ಮಾಡುತ್ತದೆ?

ಮೋಟರನ್ನು ನಿಲ್ಲಿಸುವ ನಿರ್ಧಾರ ದೂರದ ಸರ್ವರಿನದ್ದಾಗಿದ್ದರೆ ಆ ರಾತ್ರಿ ಸುರುಳಿ ಸುಡುತ್ತಿತ್ತು. ತುರ್ತಿನ ತೀರ್ಮಾನ ಸ್ಥಳದಲ್ಲೇ ಆಗಬೇಕು, ವರದಿ ಮಾತ್ರ ಆಮೇಲೆ ಹೋಗಬೇಕು ಎಂಬುದನ್ನು ಎಂಜಿನಿಯರುಗಳು ‘ಎಡ್ಜ್ ಕಂಪ್ಯೂಟಿಂಗ್’ ಎನ್ನುತ್ತಾರೆ, ಮತ್ತು ಮುಂದಿನ ದಿನಗಳ ಬಹಳಷ್ಟು ಬೆಳವಣಿಗೆ ಈ ದಿಕ್ಕಿನಲ್ಲೇ ಇದೆ. ಈಗಿನ ಸಣ್ಣ ಚಿಪ್ಪುಗಳು, ಉದಾಹರಣೆಗಳನ್ನು ನೋಡಿ ಗುರುತಿಸಲು ಕಲಿತ ಪುಟ್ಟದೊಂದು ತಂತ್ರಾಂಶವನ್ನು ತಮ್ಮೊಳಗೇ ನಡೆಸಬಲ್ಲವು. ಕಾಡಂಚಿನ ಗದ್ದೆಯಲ್ಲಿ ಇಟ್ಟ ಕ್ಯಾಮೆರಾ ಪ್ರತಿ ಚಿತ್ರವನ್ನೂ ಬೆಂಗಳೂರಿಗೆ ಕಳಿಸಲು ನೆಟ್‌ವರ್ಕೂ ಇಲ್ಲ, ಬ್ಯಾಟರಿಯೂ ಸಾಲದು. ಆದರೆ ಬಂದದ್ದು ಆನೆಯೋ, ಕಾಡುಕೋಣವೋ, ಪಕ್ಕದ ಮನೆಯ ಎಮ್ಮೆಯೋ ಎಂದು ತಾನೇ ನಿರ್ಧರಿಸಿ ಒಂದೇ ಒಂದು ಬೈಟನ್ನು ಲೋರಾದಲ್ಲಿ ಕೂಗಿ ಹೇಳಬಹುದು. ಚಿತ್ರ ಹೋಗದ ದಾರಿಯಲ್ಲಿ ತೀರ್ಮಾನ ಹೋಗುತ್ತದೆ.

ಇದೇ ಸ್ಟಾರ್ಟರಿಗೆ ಇನ್ನೊಂದು ಕಂಟಕ ಕಾದಿದೆ. ನಮ್ಮ ಕಡೆಯ ಹಳೆಯ ಡಬ್ಬಿಗಳಲ್ಲಿರುವುದು 2ಜಿ ಮಾಡ್ಯೂಲು. 4ಜಿ ಮಾತ್ರ ಇರುವ ಜಾಲದ ಸಿಮ್ಮು ಅದರಲ್ಲಿ ನಡೆಯುವುದಿಲ್ಲ, ಮತ್ತು ಹಲವು ದೇಶಗಳು 2ಜಿಯನ್ನು ಆಗಲೇ ಮುಚ್ಚಿವೆ. ಮೋಟರು ಇಪ್ಪತ್ತು ವರ್ಷ ಬಾಳುತ್ತದೆ, ಮೊಬೈಲು ತಲೆಮಾರು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಈ ಎರಡು ಆಯುಸ್ಸುಗಳನ್ನು ಒಂದೇ ಡಬ್ಬಿಯಲ್ಲಿ ಕಟ್ಟಿಹಾಕಿದ್ದು ವಿನ್ಯಾಸದ ತಪ್ಪೆಂದೇ ನನ್ನ ಅಭಿಪ್ರಾಯ. ರೇಡಿಯೊ ಭಾಗವನ್ನು ಮಾತ್ರ ಬಿಚ್ಚಿ ಬದಲಿಸುವಂತಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ.

ಸಂಖ್ಯೆಯ ಮಾತಿಗೆ ಬಂದರೆ, ಈ ಕ್ಷೇತ್ರದ ಭವಿಷ್ಯವಾಣಿಗಳನ್ನು ತುಸು ಅನುಮಾನದಿಂದಲೇ ಕೇಳಬೇಕು. 2020ರ ಹೊತ್ತಿಗೆ ಲೋಕದಲ್ಲಿ 5,000 ಕೋಟಿ ಉಪಕರಣಗಳು ಜಾಲಕ್ಕೆ ಸೇರಿರುತ್ತವೆ ಎಂದು ಎರಿಕ್ಸನ್ ಕಂಪನಿ 2010ರಲ್ಲಿ ಹೇಳಿತ್ತು. 2023 ಮುಗಿಯುವಾಗಲೂ ಅಂದಾಜುಗಳು 1,600 ಕೋಟಿಯ ಆಸುಪಾಸಿನಲ್ಲಿದ್ದವು. ಹಾಲು ಮುಗಿದಿದೆಯೆಂದು ಹೇಳುವ ಫ್ರಿಜ್ಜು ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ಕೊಟ್ಟಿಗೆಯಲ್ಲಿ ಹಸುವಿರುವ ನಮ್ಮಂಥವರಿಗಂತೂ ಅದೊಂದು ವಿನೋದ. ಬೆಳೆದದ್ದೇನಿದ್ದರೂ ಬೇಸರದ, ಕಣ್ಣಿಗೆ ಬೀಳದ ಜಾಗಗಳಲ್ಲಿ. 2019ರಿಂದ ಹೊಸ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಇರುವೆಡೆ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾಯಿತು. 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಶಿವಮೊಗ್ಗದಲ್ಲಿ ಕ್ಯಾಮೆರಾಗಳು ನಿಯಂತ್ರಣ ಕೊಠಡಿಗೆ ಜೋಡಣೆಗೊಂಡವು. ನಗರಕ್ಕೆ ಇದು ಸುಲಭ. ಕಂಬದಲ್ಲೇ ಕರೆಂಟಿದೆ, ರಸ್ತೆಯಡಿಯಲ್ಲೇ ಕೇಬಲ್ಲಿದೆ.

ಮುಂದಿನ ದೊಡ್ಡ ಸಂಖ್ಯೆ ವಿದ್ಯುತ್ ಮೀಟರಿನದ್ದು. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ವಿತರಣಾ ವಲಯದ ಸುಧಾರಣಾ ಯೋಜನೆಯ ಗುರಿ ದೇಶದಲ್ಲಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರು. ಪೇಟೆಯಲ್ಲಿ ಇಂಥ ಮೀಟರುಗಳು ಒಂದಕ್ಕೊಂದು ಪಿಸುಗುಟ್ಟುತ್ತಾ, ಪಕ್ಕದ ಮನೆಯದ್ದರ ಸುದ್ದಿಯನ್ನು ಇದು, ಇದರದ್ದನ್ನು ಅದು ದಾಟಿಸುತ್ತಾ ಕೊನೆಗೆ ಒಂದು ಕೇಂದ್ರಕ್ಕೆ ಮುಟ್ಟಿಸಬಲ್ಲವು. ಇದಕ್ಕೆ ‘ಮೆಶ್’ ಜಾಲ ಎನ್ನುತ್ತಾರೆ. ಈ ಕಲ್ಪನೆಯ ಹಿಂದೆ ನೆರೆಮನೆ ಹತ್ತಿರವಿದೆ ಎಂಬ ಊಹೆಯಿದೆ. ಮಲೆನಾಡಿನದ್ದು ಒಂಟಿಮನೆಗಳ ಊರು. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ, ನಡುವೆ ಗುಡ್ಡ. ಇಲ್ಲಿ ಪಿಸುಗುಟ್ಟಲು ಪಕ್ಕದಲ್ಲಿ ಯಾರೂ ಇಲ್ಲ. ಪ್ರತಿ ಮೀಟರಿಗೂ ಸಿಮ್ ಹಾಕಬೇಕು, ಅಥವಾ ಕೂಗು ಹಾಕುವ ರೇಡಿಯೊ ಬೇಕು, ಖರ್ಚು ಏರುತ್ತದೆ. ಕಾಲು ಗಂಟೆಗೊಮ್ಮೆ ಬಳಕೆ ದಾಖಲಿಸುವ ಮೀಟರು, ಮನೆಯವರು ಎಷ್ಟು ಗಂಟೆಗೆ ಏಳುತ್ತಾರೆ, ಯಾವ ವಾರ ಊರಲ್ಲಿರಲಿಲ್ಲ ಎಂಬುದನ್ನೂ ತಿಳಿದಿರುತ್ತದೆ ಎಂಬುದು ಬೇರೆ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಜವಾದ ಪರೀಕ್ಷೆ ಫೋನಿಗಿಂತ ಹೆಚ್ಚಾಗಿ ಇಂಥ ಮೂಕ ಡಬ್ಬಿಗಳಲ್ಲಿ ಆಗಲಿದೆ.

ಮೂಕ ಡಬ್ಬಿಗಳು ಪುಂಡಾಟಕ್ಕೂ ಬಳಕೆಯಾಗುತ್ತವೆ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ತಾಣಗಳ ವಿಳಾಸ ಹೇಳುವ ಡೈನ್ ಎಂಬ ಕಂಪನಿಯ ಮೇಲೆ ಏಕಕಾಲಕ್ಕೆ ಮುಗಿಬಿದ್ದಿದ್ದವು ಮನೆಮನೆಯ ಕ್ಯಾಮೆರಾಗಳು, ರೆಕಾರ್ಡರುಗಳು, ರೂಟರುಗಳು. ‘ಮಿರಾಯ್’ ಎಂಬ ಕುತಂತ್ರಾಂಶ ಮಾಡಿದ ಕೆಲಸ ಬಹಳ ಸರಳ: ಕಾರ್ಖಾನೆಯಲ್ಲಿ ಹಾಕಿಕೊಟ್ಟ 60ಕ್ಕೂ ಹೆಚ್ಚು ಮಾಮೂಲಿ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಬಾಗಿಲು ಬಾಗಿಲು ತಟ್ಟಿ ನೋಡುವುದು. ತೆರೆದ ಮನೆಗಳ ಲೆಕ್ಕ ಲಕ್ಷಗಳಲ್ಲಿತ್ತು. ತೋಟದ ಗೇಟಿಗೆ ಕ್ಯಾಮೆರಾ ಹಾಕಿಸಿದವರು ಇಂದಿಗೂ ಅದರ ಪಾಸ್‌ವರ್ಡನ್ನು ಅಳವಡಿಸಿದ ಹುಡುಗ ಇಟ್ಟಂತೆಯೇ ಬಿಟ್ಟಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನಿನಿಂದಲೇ ನಿಷೇಧಿಸಿದೆ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಈ ಮೊದಲೇ ಗೋಡೆಗೇರಿದ ಕ್ಯಾಮೆರಾಗಳಿಗೆ ಯಾವ ಕಾನೂನೂ ಹಿಂದಿನಿಂದ ಬಂದು ಬೀಗ ಹಾಕದು.

ಒಡೆತನದ ಪ್ರಶ್ನೆ ಇದಕ್ಕೂ ಆಳದ್ದು. ಅಮೆರಿಕದ ರಿವಾಲ್ವ್ ಎಂಬ ಕಂಪನಿ ಮನೆಯ ದೀಪ, ಬೀಗಗಳನ್ನು ನಿಯಂತ್ರಿಸುವ ಡಬ್ಬಿಯೊಂದನ್ನು ಮಾರುತ್ತಿತ್ತು. ನೆಸ್ಟ್ ಎಂಬ ಇನ್ನೊಂದು ಕಂಪನಿ ಅದನ್ನು ಕೊಂಡುಕೊಂಡು, 2016ರ ಮೇಯಲ್ಲಿ ಅದರ ಸರ್ವರನ್ನು ಮುಚ್ಚಿತು. ಹಣ ಕೊಟ್ಟು ಕೊಂಡ ಡಬ್ಬಿಗಳು ಅಂದಿನಿಂದ ಕಾಗದದ ಮೇಲಿಡುವ ಭಾರವಾದವು. ನನ್ನಲ್ಲೂ ಅಂಥದ್ದೊಂದು ಭಾರವಿದೆ: ಅಂಗಳದಲ್ಲಿ ಒಣಹಾಕಿದ ಅಡಿಕೆ ನೋಡಿಕೊಳ್ಳಲೆಂದು ತಂದ ಕ್ಯಾಮೆರಾ, ತಯಾರಕರ ಆ್ಯಪ್ ಕಣ್ಮರೆಯಾದ ಮೇಲೆ ಮಸೂರ ಸರಿಯಿದ್ದೂ ಕುರುಡಾಗಿದೆ. 2022ರಲ್ಲಿ ಬಂದ ‘ಮ್ಯಾಟರ್’ ಎಂಬ ಮಾನದಂಡ ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗೇ, ದೂರದ ಸರ್ವರಿನ ಹಂಗಿಲ್ಲದೆ ಮಾತಾಡಿಕೊಳ್ಳಲು ದಾರಿ ಮಾಡಿದೆ. ಅದು ಬಲ್ಬು, ಸ್ವಿಚ್ಚುಗಳಿಗೆ ಆಯಿತು; ಪಂಪ್‌ಸೆಟ್ಟಿನ ಲೋಕಕ್ಕೆ ಅಂಥದ್ದಿನ್ನೂ ಬಂದಿಲ್ಲ.

ಇಷ್ಟಾದರೂ ನಮ್ಮ ಕಡೆ ಈ ವಿದ್ಯೆಯಿಂದ ನಿಜವಾದ ಲಾಭ ಆಗಬಹುದಾದ ಜಾಗವೊಂದಿದೆ, ಅದು ಅಡಿಕೆಯ ಕೊಳೆರೋಗ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ತರುವ ಈ ರೋಗಕ್ಕೆ ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಶೇಕಡ 1ರ ಬೋರ್ಡೊ ದ್ರಾವಣ ಹೊಡೆಯುವುದು ರೂಢಿ. ಎರಡನೆಯದರ ಹೊತ್ತಿಗೆ ಪುನರ್ವಸು, ಪುಷ್ಯ ಮಳೆಗಳ ಅಬ್ಬರ; ಮರ ಹತ್ತುವವರು ಸಿಗಬೇಕು, ಮಳೆ ಹೊಳವಾಗಬೇಕು, ಎರಡೂ ಒಂದೇ ದಿನ ಒದಗಬೇಕು. ರೋಗ ಹರಡುವುದು ಕಾಯಿ, ಎಲೆಗಳ ಮೇಲೆ ನೀರು ಎಷ್ಟು ಹೊತ್ತು ನಿಂತಿತು, ಆಗ ಉಷ್ಣಾಂಶ ಎಷ್ಟಿತ್ತು ಎಂಬುದರ ಮೇಲೆ. ಮಳೆಮಾಪಕ ಇದನ್ನು ಹೇಳುವುದಿಲ್ಲ. ಹೇಳುವುದು ಎಲೆತೇವದ ಸೆನ್ಸರ್. ಅಂಗೈಯಗಲದ ತಗಡಿನಂಥ ಪಟ್ಟಿಯ ಮೇಲೆ ಎರಡು ತಾಮ್ರದ ಗೆರೆಗಳು ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಹೆಣೆದಿರುತ್ತವೆ. ನಡುವೆ ನೀರಿನ ಪದರ ಕೂತರೆ ಅಳತೆ ಬದಲಾಗುತ್ತದೆ. ಮಣ್ಣಿನ ತೇವ ಅಳೆಯುವ ಸೆನ್ಸರಿನಲ್ಲೂ ಎರಡು ಬಗೆಯಿದೆ. ಅಗ್ಗದ್ದು ಮಣ್ಣಿನ ಮೂಲಕ ಕರೆಂಟು ಹಾಯಿಸಿ ನೋಡುವಂಥದ್ದು. ಅದರ ಕಡ್ಡಿಗಳು ಕೆಲವೇ ತಿಂಗಳಲ್ಲಿ ಸವೆದು ಕರಗುತ್ತವೆ. ತುಸು ಬೆಲೆಯದ್ದು, ಒಳಗಿನ ಲೋಹ ಮಣ್ಣಿಗೆ ತಾಗದಂತೆ, ವಿದ್ಯುತ್ ಧಾರಣೆಯನ್ನು ಅಳೆಯುತ್ತದೆ. ಈ ಧಾರಣೆಯನ್ನು ಒಂದು ವಸ್ತು ಎಷ್ಟು ಪಟ್ಟು ಹೆಚ್ಚಿಸುತ್ತದೆಂದು ಹೇಳುವ ಪರಾವೈದ್ಯುತಾಂಕ ಒಣಮಣ್ಣಿಗೆ 4ರ ಆಸುಪಾಸು, ನೀರಿನದ್ದು 80, ಹಾಗಾಗಿ ತೇವ ಸ್ವಲ್ಪ ಏರಿದರೂ ಗೊತ್ತಾಗುತ್ತದೆ.

ಪಂಚಾಯಿತಿಗೆ ಒಂದು ಮಾಪಕವಿರುವಾಗ ತೋಟಕ್ಕೆ ಇನ್ನೊಂದೇಕೆ ಎಂದು ಕೇಳುವುದಾದರೆ, ಉತ್ತರ ನಮ್ಮ ಭೂಗೋಳದಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು, ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಸಾವಿರದ ಆಸುಪಾಸು. ಒಂದು ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗಿಲ್ಲ. ಇನ್ನು ವಾಲುವ ಬೋಗುಣಿಗೆ ಒಂದು ಹುಟ್ಟುದೋಷವಿದೆ: ಅದು ವಾಲುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಆದ್ದರಿಂದ ಮಳೆ ಜೋರಾದಷ್ಟೂ ಅದು ಕಡಿಮೆ ತೋರಿಸುತ್ತದೆ. ಆಲಿಕೆಗೆ ಒಂದು ತರಗೆಲೆ ಅಡ್ಡ ಕೂತರಂತೂ ಆಚೆ ಹಳ್ಳ ಉಕ್ಕಿ ಹರಿಯುತ್ತಿದ್ದರೂ ಯಲಹಂಕದ ಪರದೆಯಲ್ಲಿ ಸೊನ್ನೆ. ಆ ಸೊನ್ನೆಯ ಮೇಲೆ ವಿಮೆಯ ಪರಿಹಾರ ನಿಂತಿರುವಾಗ ಆಲಿಕೆ ಗುಡಿಸುವವರ ಪೊರಕೆಗೆ ಸರ್ವರಿನಷ್ಟೇ ಬೆಲೆಯಿದೆ. ದೂರದಿಂದ ನೋಡುವ ವ್ಯವಸ್ಥೆಗೆ ‘ಮಳೆ ಬಂದಿಲ್ಲ’ ಮತ್ತು ‘ಮಾಪಕ ಕೆಟ್ಟಿದೆ’ ಎಂಬ ಎರಡರ ವ್ಯತ್ಯಾಸ ತಿಳಿಯಬೇಕಾದರೆ ಅಕ್ಕಪಕ್ಕದಲ್ಲಿ ಇನ್ನಷ್ಟು ಮಾಪಕಗಳಿರಬೇಕು; ಅಗ್ಗದ ಸೆನ್ಸರುಗಳು ಹೆಚ್ಚಾಗುವುದರ ನಿಜವಾದ ಉಪಯೋಗ ಇದೇ ಇರಬಹುದು.

ಕೆಡುವುದಂತೂ ಕೆಡುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಮೋಡೆಮ್ಮುಗಳನ್ನು ಸುಡುತ್ತದೆ, ತೇವ ತಾಮ್ರವನ್ನು ಹಸಿರಾಗಿಸುತ್ತದೆ. ಒಮ್ಮೆ ನನ್ನ ಸ್ಟಾರ್ಟರಿನ ಬೋರ್ಡು ಸತ್ತಿತೆಂದು ಪೇಟೆಗೆ ಒಯ್ದಾಗ, ರಿಪೇರಿ ಅಂಗಡಿಯವರು ಮುಚ್ಚಳ ತೆಗೆದು ನಕ್ಕರು. ‘ಬೋರ್ಡು ಸುಟ್ಟದ್ದಲ್ಲ ಮಾರಾಯ್ರೆ, ರಿಲೇ ಒಳಗೆ ಇರುವೆ ಸಂಸಾರ ಹೂಡಿದೆ’ ಎಂದು ಬ್ರಷ್ಷಿನಿಂದ ಕೆಡವಿ, ಹಿಂದಿರುಗಿಸಿ, ಐವತ್ತು ರೂಪಾಯಿ ತೆಗೆದುಕೊಂಡರು. ಮುಚ್ಚಳ ತೆಗೆಯಲಾಗದಂತೆ ಅಂಟು ಸುರಿದು ಮುಚ್ಚಿದ ಹೊಸ ಮಾದರಿಗಳಲ್ಲಿ ಇರುವೆಯೂ ಹೋಗದು, ರಿಪೇರಿಯವರ ಕೈಯೂ ಹೋಗದು.

ಇನ್ನು ಉಪಗ್ರಹದ ಆಸೆ. ಮೊಬೈಲ್ ಮಾನದಂಡಗಳು 2022ರಿಂದ ಎನ್‌ಬಿ-ಐಒಟಿ ಉಪಕರಣಗಳು ನೇರ ಉಪಗ್ರಹದೊಂದಿಗೆ ಮಾತಾಡುವುದಕ್ಕೂ ಅವಕಾಶ ಕೊಟ್ಟಿವೆ, ಉಪಗ್ರಹದಿಂದ ಅಂತರ್ಜಾಲ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ 2025ರ ಜೂನಿನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ. ಟವರಿನ ಗೋಳು ತಪ್ಪಿತೆಂದು ಹಿಗ್ಗುವ ಮುನ್ನ ತಲೆಯೆತ್ತಿ ನೋಡಬೇಕು: ಉಪಗ್ರಹಕ್ಕೆ ಬೇಕಾದದ್ದು ಬಿಚ್ಚು ಆಕಾಶ, ನಮ್ಮ ತೋಟದ ತಳದಿಂದ ಕಾಣುವುದು ಸೋಗೆ. ಆದ್ದರಿಂದ ಮಲೆನಾಡಿಗೆ ಒಗ್ಗುವ ಏರ್ಪಾಡು ಬೆರಕೆಯದ್ದೇ ಆದೀತು. ತೋಟದೊಳಗೆ, ಹಳ್ಳದ ಬದಿಯಲ್ಲಿ ಸೆಲ್ಲಿನ ಮೇಲೆ ವರ್ಷಗಟ್ಟಲೆ ಬಾಳುವ ಲೋರಾ ಸೆನ್ಸರುಗಳು. ಅವುಗಳ ಕೂಗು ಕೇಳಿಸುವಂತೆ ಗುಡ್ಡದ ತಲೆಯ ಬೋಳಿನಲ್ಲಿ, ಮಕ್ಕಳು ಅಂದು ಪಾಠಕ್ಕೆ ಕೂತಿದ್ದ ಬಂಡೆಯಂಥ ಕಡೆ, ಆ ಕೂಗನ್ನು ಹಿಡಿದು ಅಂತರ್ಜಾಲಕ್ಕೆ ದಾಟಿಸುವ ‘ಗೇಟ್‌ವೇ’ ಡಬ್ಬಿ ಊರಿಗೊಂದು. ಅಲ್ಲಿಂದ ಮುಂದಕ್ಕೆ ಟವರು ಸಿಕ್ಕರೆ ಟವರು, ಇಲ್ಲದಿದ್ದರೆ ಉಪಗ್ರಹ. ಸುತ್ತಿನ ಹತ್ತಿಪ್ಪತ್ತು ಮನೆಗಳು ಸೇರಿ ಒಂದು ಗೇಟ್‌ವೇ ಹಾಕಿಕೊಳ್ಳಲು ತಂತ್ರಜ್ಞಾನದ ಅಡ್ಡಿ ಈಗ ಏನೂ ಇಲ್ಲ. ಅದರ ಸೌರಫಲಕದ ಮೇಲೆ ಪಾಚಿ ಕಟ್ಟಿದಾಗ ಮಳೆಯಲ್ಲಿ ಗುಡ್ಡ ಹತ್ತಿ ಒರೆಸುವ ಸರದಿ ಯಾರದ್ದೆಂಬುದು ಮಾತ್ರ ಊರಿನವರು ಕೂತು ಮಾತಾಡಿಕೊಳ್ಳಬೇಕಾದ ವಿಷಯ.